ಕರಿಕಲ್ಲಿನ ಗುಪ್ಪೆ

ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಬರುವವರು ದಾರಿಯಲ್ಲಿ ಹಸಿರು ಗದ್ದೆ ನೋಡಿಕೊಂಡು ಬರುತ್ತಾರೆ. ಕಾವೇರಿ, ಕಪಿಲೆ ಕೂಡುವ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ನೀರಿಗೇನು ಬರ ಅಂದುಕೊಳ್ಳುತ್ತಾರೆ. ನಾಲೆ ನೀರು ಹತ್ತದ ದಿಣ್ಣೆ ಹೊಲಗಳು ಅವರ ಕಣ್ಣಿಗೆ ಬೀಳುವುದಿಲ್ಲ. ನನ್ನ ಚಿಕ್ಕಪ್ಪನದು ಅಂಥ ಎರಡು ಎಕರೆ. ಅಲ್ಲಿ ಬೋರ್‌ವೆಲ್‌ಗೆ ಪಾಯಿಂಟ್ ಮಾಡಿಕೊಟ್ಟವನು ನಾನು. ಬೋರ್ ಫೇಲಾಯಿತು.

ಭೂವಿಜ್ಞಾನ ಓದಿ, ಉಪಗ್ರಹ ಚಿತ್ರ ನೋಡುವುದನ್ನು ಕಲಿತ ಹೊಸದು. 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಹಾರಿದ ಮೇಲೆ ನಮ್ಮದೇ ಉಪಗ್ರಹಗಳ ಚಿತ್ರಗಳು ಅಂತರ್ಜಲ ಹುಡುಕುವ ಕೆಲಸಕ್ಕೆ ಬಂದವು. ರಾಜೀವ್ ಗಾಂಧಿ ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್‌ಗಾಗಿ ಕರ್ನಾಟಕಕ್ಕೂ 1:50,000 ಅಳತೆಯ ಅಂತರ್ಜಲ ನಕ್ಷೆಗಳು ತಯಾರಾದವು. ಈ ಚಿತ್ರಗಳಲ್ಲಿ ನೆಲದೊಳಗಿನ ನೀರು ಕಾಣುವುದಿಲ್ಲ. ಮೇಲಿನ ಹಸಿರು, ತೇವ, ಹಳ್ಳದ ತಿರುವು, ನೇರವಾದ ಗೆರೆಗಳು, ಇಷ್ಟು ಕಾಣುತ್ತವೆ. ನಮ್ಮ ಕಡೆಯ ಗಟ್ಟಿ ನೈಸ್ ಬಂಡೆಯಲ್ಲಿ ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ, ಇಲ್ಲವೆ ಬಿರುಕುಗಳಲ್ಲಿ. ಬಿರುಕು ಚಿತ್ರದಲ್ಲಿ ಗೆರೆಯಾಗಿ ಮೂಡುತ್ತದೆ. ಚಿಕ್ಕಪ್ಪನ ಹೊಲದ ಮೇಲೆ ಒಂದು ಕಪ್ಪು ಗೆರೆ ಹಾದುಹೋಗಿತ್ತು. ತೇವಕ್ಕೇ ಕಪ್ಪಾಗಿದೆ ಎಂದು ತೀರ್ಮಾನಿಸಿದೆ.

ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸಬೇಕೆಂದಿದ್ದ ಚಿಕ್ಕಪ್ಪ ನನ್ನ ಮಾತಿಗೆ ಸುಮ್ಮನಾದರು. ‘ನೀನು ಓದ್ದೋನು ಕಣಪ್ಪ, ನೀನು ತೋರ್ಸಿದ್ ಜಾಗದಲ್ಲೇ ಕೊರ್ಸದು’ ಅಂದರು. ಚಿಕ್ಕಮ್ಮನ ಬಳೆ ಅಡವಿಗೆ ಹೋಯಿತು.

ಬದುವಿನ ಮೇಲೆ ಕರಿಕಲ್ಲುಗಳ ಒಂದು ಗುಪ್ಪೆ ಇತ್ತು. ಉಳುವಾಗ ಸಿಕ್ಕಿದ್ದನ್ನೆಲ್ಲ ಅಜ್ಜನ ಕಾಲದಿಂದ ಆಯ್ದು ಹಾಕಿದ್ದು. ಗುಂಡುಗುಂಡಗೆ, ತುಕ್ಕು ಬಣ್ಣದ ಸಿಪ್ಪೆ ಏಳುತ್ತಿದ್ದ ಕಲ್ಲುಗಳು. ಅದರ ಮೇಲೆ ಕೂತೇ ನಾನು ನಕ್ಷೆ ಬಿಡಿಸಿ, ಎದ್ದು ಹೋಗಿ ಗೂಟ ಹೊಡೆದೆ.

ರಿಗ್ ಲಾರಿ ಸಂಜೆ ಬಂತು. ಮೊದಲು ಕೆಂಪು ಮಣ್ಣು, ಆಮೇಲೆ ಕರಿ ಪುಡಿ. ಇನ್ನೂರು ಅಡಿಗೂ ಕರಿ ಪುಡಿ, ಮುನ್ನೂರಕ್ಕೂ ಅದೇ. ಬೆಳಗಿನ ಜಾವ 420 ಅಡಿಗೆ ನಿಲ್ಲಿಸಿದಾಗ ಚಿಕ್ಕಪ್ಪನ ತಲೆ, ಹುಬ್ಬೆಲ್ಲ ದೂಳು. ಆ ಪುಡಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿದಾಗ ನನಗೆ ಗೊತ್ತಾಯಿತು. ಅದು ಡಾಲರೈಟ್. ಬಂಡೆಯ ಸೀಳಿನಲ್ಲಿ ಕರಗಿದ ಶಿಲೆ ನುಗ್ಗಿ ಹೆಪ್ಪುಗಟ್ಟಿದ ಗೋಡೆ, ಡೈಕ್. ಚಾಮರಾಜನಗರದ ಕಡೆ ಗಣಿಗಳಲ್ಲಿ ತೆಗೆಯುವ ಕರಿಕಲ್ಲಿನ ಜಾತಿಯದೇ. ಚಿತ್ರದಲ್ಲಿ ಅದೂ ಕಪ್ಪು ಗೆರೆಯೇ.

ಡೈಕ್ ಎಷ್ಟೋ ಕಡೆ ನೆಲದೊಳಗೆ ಕಟ್ಟೆಯ ಹಾಗೆ ನಿಲ್ಲುತ್ತದೆ. ನೀರು ತಡೆದು ನಿಲ್ಲುವುದು ಅದರ ಮೇಲ್ಗಡೆಯ ಮಗ್ಗುಲಲ್ಲಿ. ನಾನು ಗೂಟ ಹೊಡೆದದ್ದು ಕಟ್ಟೆಯ ನೆತ್ತಿಗೆ. ಇನ್ನೊಂದು ಮಾತು. ಆ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ನನ್ನ ಪೆನ್ಸಿಲ್ ಗೆರೆಯ ದಪ್ಪದೊಳಗೇ ಚಿಕ್ಕಪ್ಪನ ಹೊಲದ ಅರ್ಧ ಅಗಲ ಅಡಗಿತ್ತು. ನಕ್ಷೆ ಎಲ್ಲಿ ಹುಡುಕಬೇಕು ಎಂದಷ್ಟೇ ಹೇಳಿತ್ತು. ಎಲ್ಲಿ ಕೊರೆಯಬೇಕು ಎಂದು ತಿಳಿಯಲು ಹೊಲ ನಡೆದು ನೋಡಬೇಕಿತ್ತು, ಹಳೇ ಬಾವಿಗಳ ಮಟ್ಟ ಕೇಳಬೇಕಿತ್ತು, ಕರೆಂಟ್ ಹಾಯಿಸಿ ನೆಲದ ರೋಧ ಅಳೆಯುವ ಪರೀಕ್ಷೆ ಮಾಡಿಸಬೇಕಿತ್ತು. ಒಂದು ದಿನದ ಕೆಲಸ. ಮನೆಯವರೇ ತಾನೆ ಎಂದು ಬಿಟ್ಟುಬಿಟ್ಟೆ. ಕಾಯಿ ಹಿಡಿಯುವವರನ್ನು ಬೇಡವೆಂದದ್ದು ಸರಿ ಎಂದೇ ಇವತ್ತಿಗೂ ಹೇಳುತ್ತೇನೆ. ಆದರೆ ಅವತ್ತು ಅವರಿಗಿಂತ ಹೆಚ್ಚಿನದೇನನ್ನೂ ನಾನು ಮಾಡಿರಲಿಲ್ಲ.

ಉಪಗ್ರಹ ಚಿತ್ರ ನೋಡಿ ಪಾಯಿಂಟ್ ಮಾಡಿಕೊಡುತ್ತೇವೆ ಎಂದು ಯಾರಾದರೂ ನಿಮ್ಮ ಹೊಲಕ್ಕೆ ಬಂದರೆ, ಮೊದಲು ಅವರನ್ನು ಬದುವಿನ ಕಲ್ಲುಗುಪ್ಪೆಯ ಹತ್ತಿರ ಕರೆದುಕೊಂಡು ಹೋಗಿ. ಯಾವ ಕಲ್ಲು, ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂದು ಕೇಳಿ. ಪರೀಕ್ಷೆ ಮಾಡದೆ ರಿಗ್ ಕರೆಸಬೇಡಿ.

ಬಳೆ ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಚಿಕ್ಕಪ್ಪ ಎರಡನೇ ಬೋರ್ ಕೊರೆಸಲಿಲ್ಲ. ಆ ಎರಡು ಎಕರೆಗೆ ಈಗಲೂ ಮಳೆ ನಂಬಿ ಹುರುಳಿ ಹಾಕುತ್ತಾರೆ.