ಮಣೂಕ ಶೆಡ್ಡಿನ ಕೆಮಿಸ್ಟ್ರಿ

"ಸರ, ಇದು ಎಕ್ಸಾಮಿಗೆ ಬರತದೇನ್ರಿ?"

ವಿಜಯಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುವ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಇಲ್ಲ ಅಂದೆನೋ, ಪೆನ್ನುಗಳ ಟೋಪಿ ಟಕಟಕ ಮುಚ್ಚಿಕೊಳ್ಳುತ್ತವೆ. ಹುಡುಗರನ್ನು ಬೈದು ಫಲವಿಲ್ಲ; ನಿಯಮ ನಮ್ಮಲ್ಲೇ ನಿಲ್ಲುತ್ತಿಲ್ಲ. 2021ರಲ್ಲಿ ಪದವಿಗೆ ನಾಲ್ಕು ವರ್ಷ ಅಂದೆವು, 2024ರಲ್ಲಿ ಮತ್ತೆ ಮೂರೇ ಸಾಕು ಅಂದೆವು. ನಡುವೆ 'ಡಿಜಿಟಲ್ ಫ್ಲುಯೆನ್ಸಿ' ಎಂಬ ಪತ್ರಿಕೆ ಬಂದಾಗ, ಕರೆಂಟು ಹೋದ ದಿನ ಅದನ್ನು ಸೀಮೆಸುಣ್ಣದಲ್ಲಿ ಬರೆದು ಕಲಿಸಿದ್ದೂ ಉಂಟು.

ಮೇಷ್ಟ್ರುಗಳಾದ ನಮಗೂ ನಮ್ಮದೇ ಎಕ್ಸಾಮು ಇದೆ: ಬಡ್ತಿ. 1910ರಲ್ಲಿ ಇದೇ ಊರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಕಟ್ಟಲು ಹೆಗಲು ಕೊಟ್ಟ ಫ.ಗು. ಹಳಕಟ್ಟಿಯವರು ವಕೀಲಿ ಬದಿಗಿಟ್ಟು, ತಾಡೋಲೆ ಹುಡುಕಿ ವಚನಗಳನ್ನು ಅಚ್ಚು ಹಾಕಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಇವತ್ತಾಗಿದ್ದರೆ ಬಡ್ತಿ ಸಮಿತಿಯವರು ಕನ್ನಡಕ ಸರಿಸಿ ಕೇಳುತ್ತಿದ್ದರು: "ಐಎಸ್‌ಎಸ್‌ಎನ್ ನಂಬರ್ ಎಲ್ಲದ? ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು?"

ಫೆಬ್ರವರಿ, ಮಾರ್ಚ್ ಬಂತೆಂದರೆ ತಿಕೋಟಾ, ಬಬಲೇಶ್ವರ ಕಡೆಯ ಹುಡುಗರು ಹಾಜರಿ ಪುಸ್ತಕದಿಂದ ಮಾಯ. "ಎಲ್ಲಿ ಹೋಗಿದ್ದೆಪಾ?" ಅಂದರೆ "ಮಣೂಕ ಶೆಡ್ಡಿನ್ಯಾಗ ಇದ್ದೆರಿ" ಎಂಬ ಉತ್ತರ. ಮಣೂಕ ಅಂದರೆ ಒಣದ್ರಾಕ್ಷಿ. ಒಂದು ರವಿವಾರ ತಿಕೋಟಾದ ಬಸ್ಸು ಹತ್ತಿ, ನೋಡಿಯೇ ಬರೋಣವೆಂದು ಹೋದೆ.

ನನ್ನ ಪೇಪರಿನಲ್ಲಿ ಪಾಸಾಗಲು ಹೆಣಗುವ ಹುಡುಗ ಅಲ್ಲಿ ಪ್ರೊಫೆಸರ್. ಪೊಟ್ಯಾಸಿಯಂ ಕಾರ್ಬೊನೇಟ್ ತೂಗಿ ನೀರಿಗೆ ಹಾಕಿದ, ಡಿಪ್ಪಿಂಗ್ ಆಯಿಲ್ ಬೆರೆಸಿದ, ಬುಟ್ಟಿಗಟ್ಟಲೆ ದ್ರಾಕ್ಷಿ ಅದ್ದಿ ತೆಗೆದು ರ‍್ಯಾಕಿನ ಜಾಳಿಗೆಯ ಮೇಲೆ ಹರವಿದ. ಸಿಪ್ಪೆಯ ಮೇಲಿನ ಮೇಣ ಸಡಿಲಾಗಿ ಒಳಗಿನ ನೀರು ಬೇಗ ಹಾರಲಿ ಎಂದು ಈ ಸ್ನಾನ. ಕಿಸೆಯಿಂದ ಹಣ್ಣಿನ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ತೆಗೆದು, "22 ಬ್ರಿಕ್ಸ್ ದಾಟಿದ ಮ್ಯಾಲೇ ಕೊಯ್ಯೂದ್ರಿ" ಎಂದ. ನಮ್ಮ ಲ್ಯಾಬಿನಲ್ಲೂ ಅದೊಂದಿದೆ. ಕಾಲೇಜು ಪರಿಶೀಲಿಸುವ ನ್ಯಾಕ್ ತಂಡ ಬಂದಾಗ ಕಪಾಟಿನಿಂದ ಹೊರಬಂದು, ಜಿಯೋಟ್ಯಾಗ್ ಫೋಟೋ ತೆಗೆಸಿಕೊಂಡು ಒಳಗೆ ಹೋಗುತ್ತದೆ.

"ನಾ ಕ್ಲಾಸಿನ್ಯಾಗ ಹೇಳೂದೂ ಇದನ್ನ ಅಲ್ಲೇನೋ?"

"ಅದು ಬುಕ್ಕಿನ್ಯಾಂದರಿ ಸರ. ಇದು ದಂಧೆ."

ಆಮೇಲೆ ತಾನಾಗಿಯೇ ಕೇಳಿದ: "ಮ್ವಾಡ ಕವಿದ್ರ ಮಣೂಕ ಯಾಕ ಕರ್ರಗಾಗ್ತಾವರಿ?"

ಯಾಕೆ! ಬೆಂಚಿನ ಮೇಲೆ ಕೂತು ಈ ಹುಡುಗ ಒಮ್ಮೆಯೂ ಕೇಳದ ಯಾಕೆ. ನನಗೆ ಮೈಮೇಲೆ ಬಂತು. ಮೋಡವಿದ್ದರೆ ಒಣಗುವುದು ತಡ. ತೇವ ಉಳಿದಷ್ಟು ಹೊತ್ತೂ ಹಣ್ಣಿನೊಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಕೆಲಸ. ಕೊಯ್ದ ಸೇಬು ಕಂದಾಗುವುದೂ ಅದರಿಂದಲೇ... ಸಿಲಬಸ್ ಎಲ್ಲಿ ಮುಗಿಯಿತೋ ನನಗೇ ಗೊತ್ತಾಗಲಿಲ್ಲ. ಬೆಲ್ ಹೊಡೆಯುವವರಿರಲಿಲ್ಲ. ಬುಟ್ಟಿ ಹೊತ್ತ ಹೆಣ್ಣುಮಕ್ಕಳೂ ನಿಂತು ಕೇಳಿದರು. ನಾನೂ ಮಾತಿನ ಭರದಲ್ಲಿ ತೋಳು ಮಡಚಿ ಜಾಳಿಗೆಯ ಕಾಯಿ ಸರಿಮಾಡುತ್ತಿದ್ದೆ.

ಹುಡುಗನ ಅವ್ವ ಇದನ್ನೆಲ್ಲ ನೋಡುತ್ತಿದ್ದಳು. ಮಗನನ್ನು ಮಗ್ಗುಲಿಗೆ ಕರೆದು, ನನಗೆ ಕೇಳುವಷ್ಟೇ ಮೆಲ್ಲಗೆ ಹೇಳಿದಳು:

"ನಿಮ್ಮ ಸರ ಕೆಲಸಾ ಚಲೋ ಮಾಡ್ತಾರಲೋ. ನಾಳಿನೂ ಬರ್ರಿ ಅನ್ನು, ಒಂದಾಳು ಕಮ್ಮಿ ಬಿದ್ದೈತಿ."