ಟರ್ಬೊ ಹೌಸಿಂಗಿನ ಗಾತ್ರವಿವೇಕ
ಶಹಾಬಾದಿನ ಗಣಿಯ ತಗ್ಗಿನಿಂದ ಫರಸಿ ಕಲ್ಲನ್ನು ಹೊತ್ತು ಮೊದಲ ಗೇರಿನಲ್ಲಿ ಏದುತ್ತ ಮೇಲೇರುವ ಲಾರಿಗೂ, ವಾಡಿ, ಸೇಡಂಗಳ ಸಿಮೆಂಟನ್ನು ತುಂಬಿಕೊಂಡು ಹೆದ್ದಾರಿಯಲ್ಲಿ ಸಮವೇಗದಿಂದ ಸಾಗುವ ಲಾರಿಗೂ ಒಂದೇ ಅಳತೆಯ ಟರ್ಬೊ ಹೌಸಿಂಗು ಒಪ್ಪಲಾರದು. ಟರ್ಬೈನಿನ ಹೌಸಿಂಗು ಕಿರಿದಾದರೆ ಹೊರಬರುವ ಹೊಗೆಯು ಇಕ್ಕಟ್ಟಿನಲ್ಲಿ ವೇಗಗೊಂಡು ಚಕ್ರವನ್ನು ಬೇಗ ತಿರುಗಿಸುವುದರಿಂದ, ಎಂಜಿನ್ನಿನ ಮಂದಗತಿಯಲ್ಲಿಯೇ ಗಾಳಿಯ ಒತ್ತಡವು ಒದಗಿ ಎಳೆತವು ಬಲಿಯುವುದು. ಆದರೆ ಅತಿವೇಗದಲ್ಲಿ ಆ ಇಕ್ಕಟ್ಟೇ ಪ್ರತಿರೋಧವಾಗಿ ಪರಿಣಮಿಸಿ ಶಾಖವನ್ನೂ ಡೀಸೆಲ್ ವ್ಯಯವನ್ನೂ ಹೆಚ್ಚಿಸುವುದು. ಹಿರಿದಾದರೆ ವೇಗದಲ್ಲಿ ಉಸಿರಾಟವೇನೋ ಸರಾಗ. ಆದರೆ ಗಾಳಿಯ ಒತ್ತಡವು ತಡವಾಗಿ ಒದಗುವುದರಿಂದ ಚಿಂಚೋಳಿಯ ಏರಿನ ಬುಡದಲ್ಲಿ ಆಕ್ಸಿಲರೇಟರನ್ನು ತುಳಿದೊಡನೆ ಮೊದಲು ಕಾಣುವುದು ಕರಿಹೊಗೆಯೇ. ಆದುದರಿಂದ, ಹೊಗೆಮಾರ್ಗದ ಅಡ್ಡಕೊಯ್ತದ ವಿಸ್ತೀರ್ಣವನ್ನು ತ್ರಿಜ್ಯದಿಂದ ಭಾಗಿಸಿ ಪಡೆದ, ಹೌಸಿಂಗಿನ ಗಾತ್ರವನ್ನು ಸೂಚಿಸುವ ಎ/ಆರ್ ಅಂಕಿಯನ್ನು ಪರಿಶೀಲಿಸುವುದಕ್ಕೆ ಮೊದಲು, ತನ್ನ ಲಾರಿಯು ದಿನದ ಬಹುಭಾಗವನ್ನು ಯಾವ ಗೇರಿನಲ್ಲಿ ಕಳೆಯುವುದೆಂಬುದನ್ನು ಮಾಲೀಕನು ಚಾಲಕನಲ್ಲಿ ವಿಚಾರಿಸುವುದು ಶ್ರೇಯಸ್ಕರ.