ಅಕ್ಸುಮ್‌ನ ಕಂಬಗಳು ಮತ್ತು ಮೂರು ಸುತ್ತಿನ ಕಾಫಿ

ಇಥಿಯೋಪಿಯದ ಉತ್ತರದಲ್ಲಿ, ಟಿಗ್ರಾಯ್ ಪ್ರಾಂತ್ಯದ ಎತ್ತರದ ಬಯಲಿನಲ್ಲಿರುವ ಅಕ್ಸುಮ್ ಒಂದು ಕಾಲಕ್ಕೆ ಕೆಂಪು ಸಮುದ್ರದ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ರಾಜ್ಯದ ರಾಜಧಾನಿ. ಕ್ರಿ.ಶ. ಮೊದಲ ಶತಮಾನದಿಂದ ಏಳನೆಯ ಶತಮಾನದವರೆಗೆ ಮೆರೆದ ಈ ರಾಜ್ಯ ತನ್ನದೇ ಚಿನ್ನದ ನಾಣ್ಯ ಟಂಕಿಸಿತು. ಅದರ ಬಂದರು ಅಡೂಲಿಸ್‌ಗೆ ಭಾರತದ ಕಬ್ಬಿಣ, ಉಕ್ಕು, ಹತ್ತಿಬಟ್ಟೆ ಬಂದಿಳಿಯುತ್ತಿದ್ದವು. ಅಲ್ಲಿಂದ ಆನೆದಂತ ಹೊರಹೋಗುತ್ತಿತ್ತು.

ಊರೊಳಗೇ ನಿಂತಿರುವ ಕಲ್ಲುಕಂಬಗಳು ಆ ಕಾಲದ ಸಮಾಧಿಗಳ ಗುರುತು. ದೊಡ್ಡ ಕಂಬಗಳನ್ನು ಏಕಶಿಲೆಯಲ್ಲಿ ಬಹುಮಹಡಿ ಮನೆಯಂತೆ ಕಡೆಯಲಾಗಿದೆ. ಬುಡದಲ್ಲಿ ಎಂದೂ ತೆರೆಯದ ಬಾಗಿಲು, ಮೇಲೆ ಸಾಲು ಸಾಲು ಕಿಟಕಿ, ಮಹಡಿ ಮಹಡಿಯ ನಡುವೆ ಹೊರಚಾಚಿದ ತೊಲೆಯ ತುದಿಗಳು ಸಹ ಕಲ್ಲಿನವೇ. ಎಲ್ಲಕ್ಕಿಂತ ದೊಡ್ಡದು ಸುಮಾರು 33 ಮೀಟರ್ ಉದ್ದದ್ದು, 500 ಟನ್ನಿಗೂ ಹೆಚ್ಚು ತೂಕದ್ದು. ನಿಲ್ಲಿಸುವಾಗಲೇ ಉರುಳಿರಬೇಕೆಂದು ವಿದ್ವಾಂಸರ ಊಹೆ. ಇಂದಿಗೂ ತುಂಡುತುಂಡಾಗಿ ಬಿದ್ದಿದೆ. ನಿಂತ ಕಂಬಗಳಿಗಿಂತ ಇದನ್ನೇ ಹೆಚ್ಚು ಹೊತ್ತು ನೋಡಬೇಕು, ಆ ಶಿಲ್ಪಿಗಳ ಎದೆಗಾರಿಕೆ ತಿಳಿಯುವುದು ಇದರಲ್ಲೇ. ಸುಮಾರು 24 ಮೀಟರಿನ ಇನ್ನೊಂದನ್ನು 1937ರಲ್ಲಿ ಮುಸೊಲಿನಿಯ ಇಟಲಿ ರೋಮ್‌ಗೆ ಸಾಗಿಸಿತು. 2005ರಲ್ಲಿ ಮೂರು ಭಾಗಗಳಾಗಿ ವಿಮಾನದಲ್ಲಿ ಮರಳಿದ ಅದು 2008ರಲ್ಲಿ ತನ್ನ ನೆಲದಲ್ಲಿ ಮತ್ತೆ ಎದ್ದು ನಿಂತಿತು.

ಇಲ್ಲಿನ ಊಟಕ್ಕೆ ಆಧಾರ ಇಂಜೆರಾ. ಟೆಫ್ ಎಂಬ ಅತಿ ಸಣ್ಣ ಧಾನ್ಯದ ಹಿಟ್ಟನ್ನು ಕಲಸಿ, ಎರಡು ಮೂರು ದಿನ ಹುಳಿ ಬರಿಸಿ, ದೊಡ್ಡ ಹೆಂಚಿನ ಮೇಲೆ ಹುಯ್ದು, ಮುಚ್ಚಳ ಮುಚ್ಚಿ ಒಂದೇ ಮಗ್ಗುಲು ಬೇಯಿಸುತ್ತಾರೆ. ಅದರ ಮೇಲೆ ಬಡಿಸುವ ಸಾರುಗಳ ಖಾರ ಬೆರ್ಬೆರೆ ಪುಡಿಯದು: ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಮೆಂತ್ಯ, ಜೊತೆಗೆ ಕೊರರಿಮ ಎಂಬ ಆ ನಾಡಿನ ಏಲಕ್ಕಿ. ಕೋಳಿಯ ‘ದೊರೊ ವೊತ್’ಗೆ ರಾಶಿ ಈರುಳ್ಳಿಯನ್ನು ಮೊದಲು ಎಣ್ಣೆಯೇ ಇಲ್ಲದೆ ನಿಧಾನವಾಗಿ ಬಾಡಿಸುತ್ತಾರೆ, ಬೆರ್ಬೆರೆ, ಮಸಾಲೆ ಹಾಕಿ ಕಾಯಿಸಿದ ತುಪ್ಪ ಆಮೇಲೆ. ಟಿಗ್ರಾಯ್‌ನದೇ ಆದ ತಿಹ್ಲೊ ಕನ್ನಡಿಗರಿಗೆ ರಾಗಿಮುದ್ದೆಯ ನೆನಪು ತರಿಸುತ್ತದೆ: ಹುರಿದ ಬಾರ್ಲಿ ಹಿಟ್ಟಿನ ಪುಟ್ಟ ಉಂಡೆಗಳನ್ನು ಖಾರದ ಸಾರಿಗೆ ಅದ್ದಿ ತಿನ್ನುವ ಊಟ. ಸಸ್ಯಾಹಾರಿಗಳೂ ಅಂಜಬೇಕಿಲ್ಲ. ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸದ ನಿಯಮದಂತೆ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಅಂದು ಬೇಳೆ ಮತ್ತು ಕಡಲೆಹಿಟ್ಟಿನ ಸಾರುಗಳದೇ ಊಟ.

ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂರುತ್ತಾರೆ. ಇಂಜೆರಾದ ತುಂಡಿನಲ್ಲಿ ಸಾರು ಸುತ್ತಿ ಪಕ್ಕದವರ ಬಾಯಿಗೇ ಇಡುವ ‘ಗುರ್ಷಾ’ ಪ್ರೀತಿಯ ತುತ್ತು. ಅತಿಥಿಗೆ ಅದು ತಪ್ಪದು, ತುತ್ತೂ ಸಣ್ಣದಿರುವುದಿಲ್ಲ. 2020ರಿಂದ 2022ರವರೆಗಿನ ಯುದ್ಧದಲ್ಲಿ ಅಪಾರ ಸಾವು ನೋವು, ಹಸಿವು ಕಂಡ ಪ್ರಾಂತ್ಯವಿದು. ಅಲ್ಲಿ ಸಿಗುವ ಒಂದೊಂದು ತುತ್ತಿಗೂ ಎಷ್ಟು ಬೆಲೆಯಿದೆಯೆಂಬುದನ್ನು ಉಣ್ಣುವವರು ಅರಿತಿರಬೇಕು.

ಊಟದ ನಂತರ ಕಾಫಿ. ಹಸಿ ಬೀಜವನ್ನು ತೊಳೆದು ಅತಿಥಿಯ ಎದುರಿಗೇ ಕೆಂಡದ ಮೇಲೆ ಹುರಿದು, ಆ ಹೊಗೆಯನ್ನು ಮೂಸಲು ಬಾಣಲೆಯನ್ನೇ ಹತ್ತಿರ ಹಿಡಿಯುತ್ತಾರೆ. ಆಮೇಲೆ ಕುಟ್ಟಿ, ಜೆಬೆನಾ ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಬಗ್ಗಿಸುತ್ತಾರೆ. ಸುತ್ತಿನಿಂದ ಸುತ್ತಿಗೆ ಕಾಫಿ ತೆಳುವಾಗುತ್ತದೆ, ಮಾತು ಬೆಳೆಯುತ್ತದೆ. ಮೂರನೆಯದು ‘ಬರಕಾ’, ಆಶೀರ್ವಾದದ ಸುತ್ತು. ಅದಕ್ಕೆ ಮುಂಚೆ ಏಳುವುದು ಮರ್ಯಾದೆಯಲ್ಲ. ಬಾಬಾ ಬುಡನ್ ಯೆಮನ್‌ನಿಂದ ಚಿಕ್ಕಮಗಳೂರಿನ ಗಿರಿಗೆ ತಂದರೆಂದು ಹೇಳುವ ಕಾಫಿಯ ತವರೂ ಇಥಿಯೋಪಿಯದ ಕಾಡುಗಳೇ. ಕಂಬಗಳನ್ನು ಅರ್ಧ ದಿನದಲ್ಲಿ ನೋಡಿ ಮುಗಿಸಬಹುದು. ಮನೆಗೆ ಕಾಫಿಗೆ ಕರೆದರೆ ಮಾತ್ರ ಒಂದೆರಡು ಗಂಟೆ ಬಿಡುವು ಮಾಡಿಕೊಂಡೇ ಹೋಗಬೇಕು.